ಎಂಟು ಮೈಲಿಗೆ ನಿಲ್ಲುತ್ತಿದ್ದ ಕಾರು

“ತಪ್ಪು ಎಲ್ಲಿದೆಯೆಂದು ತಿಳಿದುಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಅಲ್ಲವೇ, ಗುರುಗಳೇ?” ಎಂದು ಶಿಷ್ಯ ಕೇಳಿದ. “ತಿಳಿದವನು ತಿದ್ದಿಕೊಳ್ಳದೆ ಇರುತ್ತಾನೆಯೇ?”

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸದೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೊಂದು ಹಳೆಯ ಕಾರಿತ್ತು, ಕಾರಿಗೊಬ್ಬ ಚಾಲಕನಿದ್ದ. ಇಪ್ಪತ್ತು ವರ್ಷ ಅದೇ ಕಾರು, ಅವನೇ ಚಾಲಕ. ಎಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಎಂಥದ್ದೆಂದು ಹೇಳಬಲ್ಲವನಾಗಿದ್ದ. ವಯಸ್ಸಾದಂತೆ ಕಾರು ಹೆಚ್ಚು ಪೆಟ್ರೋಲು ಕುಡಿಯತೊಡಗಿತು. ಹಳೆಯ ಕಾರುಗಳ ಹಣೆಬರಹವೇ ಅದು. ಆದರೆ ವರ್ತಕನಿಗೆ ಕಾರಿನ ಮೇಲೆ ಅನುಮಾನ ಬರಲಿಲ್ಲ, ಮನುಷ್ಯನ ಮೇಲೆ ಬಂತು. ಬೆಸುಗೆಯವನಿಗೆ ಹೇಳಿ ಟ್ಯಾಂಕಿಗೆ ಬೀಗವಿರುವ ಹೊಸ ಮುಚ್ಚಳ ಮಾಡಿಸಿದ. ಒಂದು ತೊಟ್ಟೂ ಹೊರಗೆ ಬಾರದಂತೆ ದಪ್ಪ ರಬ್ಬರು ಕೂರಿಸಿದ. ಕೀ ಉಡಿದಾರಕ್ಕೆ ಕಟ್ಟಿಕೊಂಡ. ಚಾಲಕನ ಮನಸ್ಸಿಗೆ ಚುಚ್ಚಿತು. ಅನ್ನ ಹಾಕಿದ ಮನೆಯೆಂದು ನುಂಗಿಕೊಂಡ.

ಅಂದಿನಿಂದ ಕಾರು ಕೈಕೊಡತೊಡಗಿತು. ಎಂಟು ಮೈಲಿ ಸರಾಗವಾಗಿ ಓಡುವುದು, ಆಮೇಲೆ ಕೆಮ್ಮಿ ನಿಂತುಬಿಡುವುದು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಚಾಲಕ ಬಾನೆಟ್ ಎತ್ತಿ ನೋಡಿದ. ಕಾರ್ಬ್ಯುರೇಟರಿಗೆ ಪೆಟ್ರೋಲೇ ಬರುತ್ತಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಫಿಲ್ಟರ್ ಬದಲಿಸಿದ, ಪಂಪು ಬಿಚ್ಚಿ ರಿಪೇರಿ ಮಾಡಿದ. ಮರುದಿನ ಎಂಟು ಮೈಲಿಗೆ ಮತ್ತೆ ನಿಂತಿತು. ಕೊನೆಗೆ ಪಂಪಿಗೆ ಬರುವ ಪೈಪು ಕಳಚಿ, ಅದಕ್ಕೆ ಬಾಯಿಟ್ಟು, ಟ್ಯಾಂಕಿನ ಕಡೆಗೆ ಬಲವಾಗಿ ಊದಿದ. ಒಳಗೆ ಗುಳುಗುಳು ಸದ್ದಾಯಿತು. ಪೈಪು ಜೋಡಿಸಿದರೆ ಕಾರು ಹೊರಟಿತು. ಕಸ ಕಟ್ಟಿಕೊಂಡಿತ್ತು, ಬಿಟ್ಟಿತು ಎಂದುಕೊಂಡ. ಆದರೆ ಮುಂದಿನ ಎಂಟು ಮೈಲಿಗೆ ಮತ್ತೆ ಊದಬೇಕಾಯಿತು. ದಿನವೂ ಬಾಯಿತುಂಬ ಪೆಟ್ರೋಲಿನ ಕಹಿ ಹೊತ್ತು ಮನೆಗೆ ಹೋಗುತ್ತಿದ್ದ.

ವಿಚಿತ್ರವೆಂದರೆ, ವರ್ತಕ ಜೊತೆಗಿದ್ದ ದಿನ ಕಾರು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅವನು ಊರೂರಿಗೆ ಇಳಿದು, ಬೀಗ ತೆಗೆದು, ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ಪೆಟ್ರೋಲು ಎಷ್ಟಿದೆಯೆಂದು ನೋಡಿ ಮತ್ತೆ ಬೀಗ ಹಾಕುತ್ತಿದ್ದ. ತಾನಿದ್ದರೆ ಓಡುವ ಕಾರು ಚಾಲಕನೊಬ್ಬನೇ ಇದ್ದಾಗ ಏಕೆ ನಿಲ್ಲಬೇಕು? ಇದಕ್ಕೆ ಅವನ ಬಳಿ ಉತ್ತರ ಮೊದಲೇ ಸಿದ್ಧವಿತ್ತು.

ಒಂದು ದಿನ ಚಾಲಕ ಅಂಗಡಿಗೆ ಬಂದು ಕೈಕಟ್ಟಿ ನಿಂತ.

“ಎಲ್ಲಾ ನೋಡಿದ್ದಾಯ್ತು ಧಣಿ, ಟ್ಯಾಂಕ್ ಒಂದೇ ಬಾಕಿ. ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆದು ನೋಡ್ಬೇಕು. ಒಂದಿನದ ಮಟ್ಟಿಗೆ ಕೀ ಕೊಡಿ.”

ವರ್ತಕ ಹತ್ತಿರ ಬಂದು ಮೂಗರಳಿಸಿದ. ಚಾಲಕನ ಬಾಯಿಂದ ಪೆಟ್ರೋಲು ಗಮ್ಮೆನ್ನುತ್ತಿತ್ತು.

“ಮೇಲೆ ಬೀಗ ಹಾಕಿದ್ರೆ ಕೆಳಗಿಂದ ಪೈಪಲ್ಲಿ ಹೀರ್ತೀಯಾ? ಸಾಲ್ದೂಂತ ಈಗ ಕೀ ಬೇರೆ ಬೇಕಾ ನಿಂಗೆ? ಥೂ ಕಳ್ಳ ನನ್ಮಗನೆ, ನಡಿ ಆಚೆ!”

ಅಂಗಡಿಯ ತುಂಬ ಗಿರಾಕಿಗಳಿದ್ದರು. ಊದಿದ್ದೇನೆ, ಹೀರಿಲ್ಲ ಎಂದು ಚಾಲಕ ಗೋಗರೆದ. ಊದಿದವನ ಬಾಯಿಗೂ ಹೀರಿದವನ ಬಾಯಿಗೂ ವಾಸನೆ ಒಂದೇ, ಯಾರು ನಂಬುತ್ತಾರೆ? ಸಂಜೆಯೊಳಗೆ ಅವನಿಗೆ ಪೆಟ್ರೋಲ್ ಕಳ್ಳ ಎಂಬ ಹೆಸರು ಬಿದ್ದಿತ್ತು. ಆಮೇಲೆ ಆ ಊರಿನಲ್ಲಿ ಒಬ್ಬರೂ ಅವನ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಮಂಡಿಯಲ್ಲಿ ಮೂಟೆ ಹೊತ್ತ. ಮಗಳನ್ನು ನೋಡಲು ಬರುತ್ತೇವೆಂದಿದ್ದವರು ಬರಲಿಲ್ಲ. ಕೆಲಸ ಹೋದದ್ದನ್ನು ಹೇಗೋ ಸಹಿಸಿದ, ಹೆಸರು ಹೋದದ್ದನ್ನು ಸಹಿಸಲು ಅವನಿಂದ ಆಗಲಿಲ್ಲ.

ಕಾರು ಹೊಸ ಚಾಲಕನ ಕೈಯಲ್ಲೂ ಎಂಟು ಮೈಲಿಗೇ ನಿಂತಿತು. ವರ್ತಕ ದೂರದ ಪೇಟೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದ. ಅವನು ವರ್ತಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿಯೂ ಇಳಿಯಗೊಡದೆ, ಕಾರು ತಾನಾಗಿ ನಿಲ್ಲುವವರೆಗೆ ಓಡಿಸಿದ. ನಿಂತೊಡನೆ ಟ್ಯಾಂಕಿನ ಕೀ ಕೇಳಿದ. ಮುಖಪರಿಚಯವೂ ಇಲ್ಲದವನಿಗೆ ವರ್ತಕ ಮರುಮಾತಿಲ್ಲದೆ ಬಿಚ್ಚಿ ಕೊಟ್ಟ. ಮುಚ್ಚಳ ಸಡಿಲವಾಗುತ್ತಲೇ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಕಾರು ಹೊರಟಿತು.

“ಪೆಟ್ರೋಲ್ ಈಚೆ ಬರ್ಬೇಕಾದ್ರೆ ಅಷ್ಟು ಗಾಳಿ ಒಳಕ್ಕೆ ಹೋಗ್ಬೇಕು ಸ್ವಾಮಿ,” ಎಂದ ಮೆಕ್ಯಾನಿಕ್. “ಕಂಪನಿ ಮುಚ್ಚಳದಲ್ಲಿ ಅದಕ್ಕೇಂತ ಸಣ್ಣ ತೂತಿರುತ್ತೆ. ನೀವು ಇದ್ರಲ್ಲಿ ಇಡ್ಸಿಲ್ಲ. ಇಷ್ಟು ದಿನ ಓಡ್ಸಿದೋನು ಪೈಪಿಗೆ ಬಾಯಿಟ್ಟು ಗಾಳಿ ಊದ್ಕೊಂಡೇ ಓಡ್ಸಿರ್ಬೇಕು, ಪಾಪ.”

ಅವನು ಮುಚ್ಚಳಕ್ಕೆ ಸೂಜಿಯಷ್ಟು ತೂತು ಕೊರೆದ. ಅಲ್ಲಿಗೆ ಕಾರಿನ ರೋಗ ವಾಸಿಯಾಯಿತು. ವರ್ತಕ ತಿಂಗಳುಗಟ್ಟಲೆ ಈ ಕತೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತ ಹೇಳಿದ. ಅಷ್ಟು ದೊಡ್ಡ ಕಾರು, ಇಷ್ಟು ಸಣ್ಣ ತೂತು! ಮೆಕ್ಯಾನಿಕ್‌ನ ಕೊನೆಯ ಮಾತೊಂದನ್ನು ಮಾತ್ರ ಬಿಟ್ಟು ಹೇಳಿದ.

ಕತೆ ಹಳೆಯ ಚಾಲಕನ ಕಿವಿಗೂ ಬಿತ್ತು. ಹೋಟೆಲಿನಲ್ಲಿ ಯಾರೋ ಹೇಳುತ್ತಿದ್ದರು. ಕೇಳುತ್ತಲೇ ಅವನಿಗೆ ಎಲ್ಲ ಅರ್ಥವಾಯಿತು. ಕುಡಿಯುತ್ತಿದ್ದ ಕಾಫಿ ಬಿಟ್ಟು ಮನೆಗೆ ಓಡಿ ಬಂದ. ಧಣಿ ಇನ್ನು ಬಂದೇ ಬರುತ್ತಾರೆ ಎಂದು ಹೆಂಡತಿಗೆ ಹೇಳಿದ. ಒಗೆದ ಅಂಗಿ ತೊಟ್ಟು, ಕೂಲಿಗೆ ಹೋಗದೆ, ಮೂರು ದಿನ ಜಗಲಿಯ ಮೇಲೆ ಕೂತ. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಮೂಟೆ ಹೊರಲು ಹೋದ. ಬಹಳ ಕಾಲ ಬದುಕಲಿಲ್ಲ. ಸತ್ತಾಗಲೂ ಊರವರು ಪೆಟ್ರೋಲ್ ಕಳ್ಳ ಹೋದನಂತೆ ಎಂದೇ ಆಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು.

“ಮೆಕ್ಯಾನಿಕ್ ಹೇಳಿದ್ದರ ಅರ್ಥ ಆ ವರ್ತಕನಿಗೆ ಹೊಳೆದಿರಲಿಕ್ಕಿಲ್ಲ, ಗುರುಗಳೇ. ಹೊಳೆದಿದ್ದರೆ ಒಂದು ಸಲವಾದರೂ ಚಾಲಕನ ಮನೆಗೆ ಹೋಗುತ್ತಿದ್ದ.”

ಗುರುಗಳು ಹೇಳಿದರು: “ಹೊಳೆಯದಿದ್ದರೆ, ಆ ಮನೆಯ ಮುಂದಿನ ದಾರಿ ಬಿಟ್ಟು ಕೆರೆ ಸುತ್ತಿಕೊಂಡು ಹೋಗು ಎಂದು ಹೊಸ ಚಾಲಕನಿಗೆ ಏಕೆ ಹೇಳುತ್ತಿದ್ದ?”