ಹೊಳೆಗೆ ಕೇಳಿಸಿದ ಗುಟ್ಟು

"ಗುರುಗಳೇ, ಒಂದು ಅನುಮಾನ," ಎಂದಳು ಶಿಷ್ಯೆ ಪದ್ಮಿನಿ. ಫೋನಿನಿಂದ ಫೋನಿಗೆ ಸಂದೇಶ ಸಾಗಿಸುವ ತಂತ್ರಾಂಶವೊಂದನ್ನು ಅವಳು ಕಟ್ಟುತ್ತಿದ್ದಳು. "ಆಚೆ ಕಡೆಯವನ ಮುಖ ಕಾಣುವುದಿಲ್ಲ. ಹೆಸರು ಹೇಳುತ್ತಾನೆ, ಪಾಸ್‌ವರ್ಡನ್ನೂ ಸರಿಯಾಗಿ ಕೊಡುತ್ತಾನೆ. ಇವನೇ ಅವನು ಎಂದು ಹೇಗೆ ನಂಬಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ಗೆಳೆಯ ಒಬ್ಬ ಬಳೆಗಾರ. ಬಳೆಗಾರ ಆಚೆ ದಡದ ಊರುಗಳನ್ನು ಸುತ್ತಿ, ಮುಸ್ಸಂಜೆಗೆ ಬಂದು ಕೂಗುತ್ತಿದ್ದ. ಅಂಬಿಗ ಹರಿಗೋಲಿನಲ್ಲಿ ಹೋಗಿ ಕರೆತರುತ್ತಿದ್ದ. ಅಂಬಿಗನ ಹೆಂಡತಿ ಇಬ್ಬರಿಗೂ ಬಿಸಿ ಮುದ್ದೆ ಬಡಿಸುತ್ತಿದ್ದಳು. ಹಬ್ಬ ಬಂದರೆ ಬಳೆಗಾರ ತಂಗಿ ಎಂದು ಅವಳಿಗೆ ಬಳೆ ತೊಡಿಸುತ್ತಿದ್ದ. ಎಂಥ ಕಾಲ ಅದು!

ಹರಿಗೋಲು ಕದಿಯುವವರ ಕಾಟ ಹೆಚ್ಚಿದಾಗ ಗೆಳೆಯರು ಒಂದು ಗುಟ್ಟಿನ ಮಾತು ಮಾಡಿಕೊಂಡರು. ಅಂಬಿಗ "ಏನು ತಂದಿದ್ದೀ?" ಎನ್ನಬೇಕು, ಬಳೆಗಾರ "ಹಸಿರು ಗಾಜು" ಎನ್ನಬೇಕು. ಹೊಳೆಯೋ ಅಗಲ. ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಗುಟ್ಟಂತೆ ಗುಟ್ಟು! ಎರಡೂ ದಡದ ದನಗಾಹಿಗಳಿಗೆ ಅದು ಬಾಯಿಪಾಠವಾಯಿತು.

ಮುಂದೆ ಅಂಬಿಗನ ಹೆಂಡತಿ ತೀರಿಕೊಂಡಳು. ಅವಳಿಲ್ಲದ ಮನೆಗೆ ಬಳೆ ಹೊತ್ತು ಬರಲು ಬಳೆಗಾರನಿಗೆ ಮನಸ್ಸಾಗಲಿಲ್ಲ. ಅಂಬಿಗ ಒಬ್ಬನೇ ಉಂಡು, ಆಚೆ ದಡ ನೋಡುತ್ತಾ ಕೂರುತ್ತಿದ್ದ. ಒಂದು ಸಂಜೆ ಅಲ್ಲಿಂದ "ಹಸಿರು ಗಾಜು" ಎಂದು ಕೇಳಿಸಿತು. ಗೆಳೆಯ ಬಂದನೆಂದು ಹಿಗ್ಗಿ, ಹರಿಗೋಲು ಹಾಕಿಕೊಂಡು ಆಚೆ ದಡಕ್ಕೆ ಹೋದ. ಅಲ್ಲಿದ್ದ ಕಳ್ಳರು ಅವನನ್ನು ನೀರಿಗೆ ತಳ್ಳಿ ಹರಿಗೋಲು ಒಯ್ದರು. ಹೇಗೋ ಈಜಿ ಬದುಕಿದ. ಇನ್ನೊಂದು ಹರಿಗೋಲು ಹೆಣೆಯುವಷ್ಟರಲ್ಲಿ ಅವನ ಬೆನ್ನು ಬಾಗಿತ್ತು.

ಎಷ್ಟೋ ಕಾಲದ ಮೇಲೆ, ಹೊಳೆ ಏರುತ್ತಿದ್ದ ಒಂದು ಸಂಜೆ, ಮತ್ತೆ ಅದೇ ಮಾತು ಕೇಳಿಸಿತು. ದನಿ ಮುದಿಯಾಗಿತ್ತು, ಗುರುತು ಹತ್ತಲಿಲ್ಲ. ಹೋದರೆ ಹರಿಗೋಲಿನ ಜೊತೆ ಈ ಸಲ ಜೀವವೂ ಹೋದೀತು. ಹೋಗದಿದ್ದರೆ, ಬಂದವನು ಗೆಳೆಯನೇ ಆಗಿದ್ದರೆ, ಬೆಳಗಾಗುವುದರೊಳಗೆ ಆ ದಡ ಮುಳುಗುತ್ತದೆ. ಅಂಬಿಗ ಕೂತಲ್ಲೇ ಚಡಪಡಿಸಿದ. ಕೊನೆಗೆ ನೀರಿನ ಅಂಚಿಗೆ ಬಂದು ಕೂಗಿದ:

"ಆ ಮಾತು ಈಗ ಊರಿಗೆಲ್ಲ ಗೊತ್ತು. ನನ್ನವಳಿಗೆ ಬಳೆ ತೊಡಿಸುವಾಗ ನಿನ್ನ ಕೈ ಎಲ್ಲಿ ತಡೆಯುತ್ತಿತ್ತು, ಅದನ್ನು ಹೇಳು."

ಆಚೆ ದಡದಿಂದ ಉತ್ತರ ಬಂತು:

"ಎಡಗೈ ಹೆಬ್ಬೆರಳ ಬುಡದಲ್ಲಿ, ಭಾವ. ಚಿಕ್ಕಂದಿನಲ್ಲಿ ಮುರಿದ ಎಲುಬು ಗಂಟು ಕಟ್ಟಿತ್ತು. ಬಳೆ ಅಲ್ಲಿಗೆ ಬಂದಾಗೆಲ್ಲ ತಂಗಿ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು."

ಆ ನಗುವನ್ನು ನೆನೆಯುವವನು ತಾನೊಬ್ಬನೇ ಎಂದುಕೊಂಡಿದ್ದ ಅಂಬಿಗ. ಹುಟ್ಟು ಎತ್ತಿಕೊಂಡು ಹೊಳೆಗೆ ಇಳಿದ.

ಪದ್ಮಿನಿಯ ಮುಖ ಅರಳಿತು. "ಹಾಗಾದರೆ ಇಬ್ಬರಿಗೇ ಗೊತ್ತಿರುವ ಗುಟ್ಟನ್ನು ಕೇಳಿದರೆ ಸಾಕು," ಎಂದು ಎದ್ದಳು.

ಗುರುಗಳು ಹೇಳಿದರು: "ಅದನ್ನೂ ಎರಡೂ ದಡ ಕೇಳಿಸಿಕೊಂಡವಲ್ಲ, ತಾಯಿ. ಮುಂದಿನ ಸಲ ಕೇಳಲು ಇಬ್ಬರಿಗೇ ಗೊತ್ತಿರುವ ಹೊಸದೊಂದು ಬೇಕಾದರೆ, ಅವರಿಬ್ಬರೂ ಇವತ್ತು ಜೊತೆಗೆ ಕೂತು ಉಣ್ಣಬೇಕು."