ಹೊಂಬಮ್ಮ ಗದ್ದೆ ಒಣಗಿಸಿದ್ದು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನನಗೂ ಗೊತ್ತಿಲ್ಲ, ಒಂದು ಕೆರೆ ಇತ್ತಂತೆ, ಕೆರೆ ಕೆಳಗೆ ಗದ್ದೆಬಯಲು. ಗದ್ದೆಗದ್ದೆಗೂ ನೀರು ಹಂಚೋಕೆ ಒಬ್ಬಳು ನೀರುಗಂಟಿ, ಹೊಂಬಮ್ಮ ಅಂತ. ಗಂಡ ಸತ್ತ ಮೇಲೆ ಅವನ ಕೋಲು, ಗುದ್ದಲಿ ಎರಡೂ ಇವಳ ಕೈಗೆ ಬಂದಿದ್ದವಂತೆ, ಆ ಕೆಲಸ ಬೇಕು ಅಂತ ಊರಲ್ಲಿ ಇನ್ಯಾರೂ ಕೇಳಲಿಲ್ಲ, ಅದಕ್ಕೆ. ಕೂಲಿ ಬದಲು ಕಾಲುವೆಯ ಕಟ್ಟಕಡೆಗೆ ಒಂದು ಸಣ್ಣ ಗದ್ದೆ ಬಿಟ್ಟುಕೊಟ್ಟಿದ್ದರು. ಊರಿಗೆಲ್ಲ ನೀರು ಹಂಚೋಳ ಗದ್ದೆಗೇ ನೀರು ಬರ್ತಿರಲಿಲ್ಲ. ನಗಬೇಡ ಪುಟ್ಟಿ, ಲೋಕ ಇರೋದೇ ಹಾಗೆ.

ಯಾಕೆ ಬರ್ತಿರಲಿಲ್ಲ ಅಂದರೆ, ತೂಬಿನ ಪಕ್ಕದ ಗದ್ದೆಗಳೆಲ್ಲ ಮೂರು ಜನ ಅಣ್ಣತಮ್ಮಂದಿರದ್ದಂತೆ. ದೊಡ್ಡವನು ಪಾಪೇಗೌಡ, ಬೆಳಿಗ್ಗೆ ಬದುವಿನ ಮೇಲೆ ನಿಂತರೆ ಗದ್ದೆ ನೀರಲ್ಲಿ ತನ್ನ ಮೀಸೆ ಕಾಣಬೇಕು ಅನ್ನೋನು. ನಡುವಿನವನ ಲೆಕ್ಕ ಬೇರೆ, ನೀರು ನಿಂತರೆ ಕಳೆ ಹುಟ್ಟಲ್ಲ, ಕಳೆ ಕೀಳೋರಿಗೆ ಊಟ ಹಾಕೋದು ತಪ್ಪುತ್ತೆ. ಕಿರಿಯವನಿಗೆ ಅಣ್ಣಂದಿರ ಗದ್ದೇಲಿ ನೀರಿದೆ, ಅದಕ್ಕೇ ತನಗೂ ಬೇಕು. ಹೀಗಾಗಿ ನಾಟಿಯಿಂದ ಕೊಯ್ಲಿನ ತನಕ ಮೇಲಿನ ಗದ್ದೆಗಳಲ್ಲಿ ನೀರು ನಿಂತೇ ಇರೋದು, ತೆನೆ ಇನ್ನೂ ಹೊರಗೆ ಬರದೆ ಪೈರಿನ ಹೊಟ್ಟೆಯಲ್ಲಿರೋ ಹೊತ್ತಿಗೆ ಕೆರೆಯ ತಳ ಕಾಣೋದು. ಕಾಲುವೆಯ ಕೊನೇಲಿದ್ದ ಕಡೆಗದ್ದೆಯವರು ಎರಡು ವರ್ಷದಿಂದ ಬರೀ ಹುಲ್ಲು ಕೊಯ್ದಿದ್ದರಂತೆ. ಹೊಂಬಮ್ಮ ಹಗಲೆಲ್ಲ ಕಾಲುವೆ ಉದ್ದಕ್ಕೂ ನಡೆದು ನಡೆದು, ಮೇಲಿನವರ ಬೈಗುಳ ತಿಂದು, ಕೆಳಗಿನವರ ಕಣ್ಣೀರು ನೋಡಿ, ಸಾಕಪ್ಪಾ ಅನ್ನೋ ಹಾಗಾಗಿದ್ದಳು.

ಆಮೇಲೆ ಏನಾಯ್ತು, ನಾಟಿ ಆಗಿ ತಿಂಗಳಿಗೆ ಮೂವರೂ ಬೀಗರೂರಿಗೆ ತಿಥಿಗೆ ಹೋದರಂತೆ, ಹನ್ನೊಂದು ದಿನ. ಹೊಂಬಮ್ಮ ನೀರನ್ನ ಕಡೆಗದ್ದೆಗೆ ತಿರುಗಿಸಿದಳು. ಮತ್ತೆ ಮೇಲಕ್ಕೆ ತಿರುಗಿಸಬೇಕಲ್ಲ, ಅಷ್ಟು ದೂರ ನಡೆಯೋಕೆ ಕಾಲು ಏಳಲಿಲ್ಲ, ನಾಳೆ ನೋಡೋಣ ಅಂದುಕೊಂಡಳು, ನಾಳೆಯೂ ಹಾಗೇ ಅಂದುಕೊಂಡಳು. ಜಾಣತನ ಗೀಣತನ ಏನಿಲ್ಲ ಕಣೇ, ಸುಸ್ತು.

ಅವರು ಬಂದು ನೋಡ್ತಾರೆ, ಗದ್ದೆ ಬೆರಳು ತೂರೋ ಹಾಗೆ ಬಿರುಕು ಬಿಟ್ಟಿದೆ. ಕೆರೆ ಏರಿ ಮೇಲೆ ಊರು ಸೇರಿಸಿದರಂತೆ. ಏನಮ್ಮಿ ಹೊಂಬಿ, ನಾವು ಸತ್ತೋರ ಮನೆಗೆ ಹೋಗಿ ಬರೋದ್ರೊಳಗೆ ನಮ್ಮ ಗದ್ದೆಗೂ ತಿಥಿ ಮಾಡ್ಬಿಟ್ಯಾ ಅಂದನಂತೆ ಪಾಪೇಗೌಡ.

ಹೊಂಬಮ್ಮ ಬಿರುಕು ಬಿಟ್ಟ ಜಾಗದಿಂದ ಪೈರಿನ ಒಂದು ಬುಡ ಕಿತ್ತು ತಂದಳು, ತೂಬಿನ ಸೋರುನೀರು ನಿಂತಿದ್ದ ಮೂಲೆಯಿಂದ ಇನ್ನೊಂದು. ಒಣಗಿದ ಜಾಗದ್ದಕ್ಕೆ ಬೇರು ಬೆಳ್ಳಗೆ, ಗೇಣುದ್ದ. ನೀರಲ್ಲಿದ್ದದ್ದಕ್ಕೆ ಬೇರು ಕರ್ರಗೆ, ಕೊಳೆತ ಮೊಟ್ಟೆಯ ನಾತ. ಮೂಸಿ ನೋಡಿ ಬುದ್ದೀ ಅಂದಳು. ಅವನು ಮೂಸಿ, ನಾರಿದ್ರೆ ನಾರಲಿ, ನಾನೇನು ಮಲ್ಲಿಗೆ ನೆಟ್ಟಿದ್ದೀನಾ ಅಂದನಂತೆ.

ಈ ಒಂದು ಬೆಳೆ ನನ್ನ ಮಾತಿನ ಹಾಗೆ ನೀರು ಬಿಡ್ತೀನಿ, ಹೋದ ವರ್ಷಕ್ಕಿಂತ ನಿಮಗೆ ಒಂದು ಹೊರೆ ಕಮ್ಮಿಯಾದರೂ ಕೋಲು, ಗದ್ದೆ ಎರಡೂ ಒಪ್ಪಿಸಿ ಊರು ಬಿಡ್ತೀನಿ ಅಂದಳು ಹೊಂಬಮ್ಮ. ಆ ಸಣ್ಣ ಗದ್ದೆ ಮೇಲೆ ಪಾಪೇಗೌಡನಿಗೆ ಮೊದಲೇ ಕಣ್ಣು. ಒಪ್ಪಿದ.

ಹೂಂ ಅಂತಿರು, ಇಲ್ಲಾಂದರೆ ನಿದ್ದೆ ಬಂತು ಅಂದ್ಕೋತೀನಿ.

ಆಮೇಲೆ ಅವಳು ಬಿದಿರು ಕಡಿದು, ಮೈತುಂಬ ತೂತು ಕೊರೆದು, ಗದ್ದೆಗೊಂದು ನೆಟ್ಟಳಂತೆ. ಕೊಳವೆಯೊಳಗೆ ಗೇಣು ಆಳದಲ್ಲಿ ನೀರು ಕಂಡರೆ ಬೇರಿಗೆ ಸಾಕು, ಅದಕ್ಕಿಂತ ಇಳಿದರೆ ಮಾತ್ರ ನೀರು ಬಿಡೋದು. ಮೊದಲು ದೊಡ್ಡವನು ಗದ್ದೇಲಿ ನೀರೇ ಇಲ್ಲ ಅಂತ ರಂಪ ಮಾಡ್ಕೊಂಡು ಬಂದ. ನೀರಿದೆ, ಬಗ್ಗಿ ನೋಡಿ ಬುದ್ದೀ ಅಂದಳು. ಬಗ್ಗಿ ನೋಡಿ, ಇದರಲ್ಲಿ ಅರ್ಧ ಮೀಸೆನೇ ಕಾಣೋದು ಅಂತ ಗೊಣಗಿಕೊಂಡು ಹೋದನಂತೆ.

ಎರಡನೇ ತೊಡಕು ಕಳೆ. ನಡುವಿನವನು ಹೇಳಿದ್ದು ಸುಳ್ಳಲ್ಲ, ಎದ್ದಿತು, ಭತ್ತದ ಎತ್ತರಕ್ಕೇ ಎದ್ದಿತು. ಕಡೆಗದ್ದೆಯ ಹೆಂಗಸರು ಬಂದು ಇಪ್ಪತ್ತು ದಿನ ಬಗ್ಗಿ ಕಿತ್ತು ಅಲ್ಲೇ ಕೆಸರಿಗೆ ತುಳಿದರಂತೆ. ನಡ ಮುರಿದು ಹೋಯ್ತು ಕಣಕ್ಕಾ ಅಂದಳು ಒಬ್ಬಳು. ನಂದು ಮುರಿದು ಎಷ್ಟೋ ದಿನ ಆಯ್ತು, ಕೀಳೇ ಅಂದಳು ಹೊಂಬಮ್ಮ.

ಮೂರನೇದು ಮಳೆ. ತೆನೆ ಹೊಟ್ಟೆಯಲ್ಲಿರೋ ಹೊತ್ತಿಗೆ ಸರಿಯಾಗಿ ನಿಂತುಹೋಯ್ತಂತೆ. ಆ ಹೊತ್ತಲ್ಲಿ ಮಾತ್ರ ಭತ್ತಕ್ಕೆ ನೀರು ನಿಂತಿರಲೇಬೇಕು, ಇಲ್ಲದಿದ್ದರೆ ಕಾಳು ಕಟ್ಟಲ್ಲ. ಕಿರಿಯವನು ಕೆಟ್ಟೆವು ಅಂತ ಏರಿ ಮೇಲೆ ಓಡಿ ಬಂದ. ನೋಡ್ತಾನೆ, ಕೆರೆ ಅರ್ಧ ತುಂಬಿದೆ. ಇದ್ಯಾರ ನೀರಮ್ಮಿ ಅಂದ. ನೀವು ಇಷ್ಟು ದಿನ ಗದ್ದೇಲಿ ಕಟ್ಟಿ ನಿಲ್ಲಿಸದೆ ಉಳಿದಿದ್ದು ಬುದ್ದೀ ಅಂದು ಹೊಂಬಮ್ಮ ತೂಬು ಎತ್ತಿದಳಂತೆ. ಮೇಲಿಂದ ಕಡೆಯ ತನಕ ಎಲ್ಲರ ಗದ್ದೇಲೂ ನೀರು ನಿಂತಿತು.

ಕೊಯ್ಲಾಯ್ತು. ಚಿನ್ನದ ತೆನೆ ಗಿನೆ ಏನೂ ಬರಲಿಲ್ಲ. ಅಣ್ಣತಮ್ಮಂದಿರಿಗೆ ಹೋದ ವರ್ಷಕ್ಕಿಂತ ನಾಲ್ಕು ಹೊರೆ ಜಾಸ್ತಿ, ಕಡೆಗದ್ದೆಯವರ ಕಣದಲ್ಲಿ ಹುಲ್ಲಿನ ಜೊತೆ ಕಾಳು, ಅಷ್ಟೇ. ಕೋಲು ಹೊಂಬಮ್ಮನ ಕೈಯಲ್ಲೇ ಉಳೀತು.

ಆಮೇಲೆ ಅಕ್ಕಪಕ್ಕದ ಊರವರು ನೋಡೋಕೆ ಬಂದರಂತೆ. ಪಾಪೇಗೌಡ ಬಿದಿರು ತೋರಿಸಿ, ಗದ್ದೆ ಆಗಾಗ ಒಣಗಬೇಕು ಕಣ್ರಯ್ಯ, ನನಗೇ ಹೊಳೀತು ಅಂತ ಹೇಳ್ತಿದ್ದನಂತೆ. ಕಡೆಗದ್ದೆಯ ಹೆಂಗಸರಿಗೆ ಮೈ ಉರಿದುಹೋಯ್ತು. ಹೋಗಿ ಕೇಳಕ್ಕಾ ಅಂದರು.

ಸುಮ್ಮನಿರ್ರೇ ಅಂದಳಂತೆ ಹೊಂಬಮ್ಮ. ಹೊಂಬಿ ಮಾಡಿದ್ದು ಅಂದ್ರೆ ನಾಳೆನೇ ನೀರು ಕಟ್ಟಿ ನಿಲ್ಲಿಸ್ತಾನೆ. ತಾನೇ ಮಾಡಿದ್ದು ಅಂದ್ಕೊಂಡ್ರೆ ಸಾಯೋ ತನಕ ಒಣಗಿಸ್ತಾನೆ.

ಒಣಗಿಸಿದನಂತೆ. ಕಡೆಗದ್ದೆಯವರು ಊರು ಬಿಡಲಿಲ್ಲ, ವರ್ಷಾ ವರ್ಷಾ ತಮ್ಮ ಅಕ್ಕಿಯ ಅನ್ನವನ್ನೇ ಉಂಡರು. ಮುಗೀತು ಕತೆ, ಇನ್ನೇನಿಲ್ಲ. ಆ ಕಡೆ ತಿರುಗಿ ಮಲಕ್ಕೋ.