ಹೊಂಬಾಳೆ ತಟ್ಟಿದ ಮಡಕೆ

ಮಡಕೆ ಸುಡೋ ಗುಂಡಿಗೆ ನಮ್ಮೂರಲ್ಲಿ ಏನೋ ಅಂತಿದ್ರು ಕೂಸೇ. ಅವಿ... ಅಗವಿ... ಥೂ, ನಾಲಿಗೆ ತುದೀಲೇ ಇದೆ. ಇರಲಿ, ಬರತ್ತೆ. ನೀನು ಹೊದ್ಕೊ.

ಒಂದಾನೊಂದು ಕಾಲದಲ್ಲಿ, ನಮ್ಮೂರಲ್ಲಿ ಮನೆಗೊಂದೇ ಮಡಕೆ ಇದ್ದ ಕಾಲದಲ್ಲಿ, ಹೊಂಬಾಳೆ ಅಂತ ಒಬ್ಬಳು ಸೊಸೆ ಇದ್ದಳಂತೆ. ಅವಳ ಗಂಡನ ಮನೆಯೋರು ಊರವರ ಮಣ್ಣುಗೋಡೆ ಮೆತ್ತೋರು. ಮಡಕೆ ಬೇಕಂದ್ರೆ ಹೊಳೆ ದಾಟಿ ದೂರ ನಡೀಬೇಕಿತ್ತಂತೆ. ಹೊಂಬಾಳೆಗೆ ಯಾವುದನ್ನ ಕಂಡರೂ ಅದರ ಹೊಟ್ಟೇಲಿ ಏನಿದೆ ಅಂತ ನೋಡೋ ಚಟ. ಮಡಕೆನೂ ಮಣ್ಣು, ಗೋಡೆನೂ ಮಣ್ಣು, ಮಡಕೆ ಮಾತ್ರ ಯಾಕೆ ಠಣ್ ಅನ್ನತ್ತೆ ಅಂತ ತಟ್ಟಿದಳಂತೆ, ಇನ್ನೊಂದು ಸಲ ತಟ್ಟಿದಳಂತೆ, ಆಮೇಲೆ ಒನಕೆ ತಗೊಂಡು ತಟ್ಟಿದಳಂತೆ. ಮಡಕೆ ಎರಡು ಹೋಳು.

ಅತ್ತೆ ಪುಟ್ಟೀರಮ್ಮ ಬಂದು ನೋಡಿ, ಬರೋ ಅಮಾವಾಸ್ಯೆ ಒಳಗೆ ಇಂಥದೇ ಮಡಕೆ ಒಲೆ ಮೇಲೆ ಕೂರಬೇಕು ಕಣೆ, ಇಲ್ಲದಿದ್ರೆ ನಿನ್ನ ತೌರಿಗೆ ಹೋಗಿ ಅಲ್ಲಿರೋದನ್ನೆಲ್ಲ ತಟ್ಕೊಂಡು ಕೂತಿರು ಅಂದಳಂತೆ. ಗಂಡನಿಗೂ ಅಮ್ಮ ಅಂದ್ರೆ ಭಯ.

ಹೊಂಬಾಳೆ ಗೋಡೆಗೆ ಕಲಸಿದ್ದ ಮಣ್ಣನ್ನೇ ಒಡೆದ ಮಡಕೆಯ ತಳಾನೇ ಅಚ್ಚು ಮಾಡ್ಕೊಂಡು ಅದರ ಮೇಲೆ ಮೆತ್ತಿ, ಮೂರು ಮಡಕೆ ಮಾಡಿ, ಬಿಸಿಲಿಗೆ ಒಣಗಿಸಿ, ಒಂದಕ್ಕೆ ನೀರು ಹೊಯ್ದಳಂತೆ. ಅದು ಕರಗಿ ಅಂಗಳದಲ್ಲಿ ಹರಿದು ಹೋಯ್ತು. ಆಮೇಲೆ, ಒಲೆ ಬಾಯಿಯ ಮಣ್ಣು ಯಾಕೆ ಕರಗಲ್ಲ ಅಂತ ಕೆರೆದು ನೋಡಿದಳಂತೆ. ಕಲ್ಲಿನಂಗಿತ್ತು. ಓಹೋ, ಬೆಂಕಿ ಬೇಕು ಅಂತ ಗುಂಡಿ ತೋಡಿ, ಎರಡನೇ ಮಡಕೆ ಇಟ್ಟು, ಬೆರಣಿ ಹುಲ್ಲು ಮುಚ್ಚಿ ಸುಟ್ಟಳಂತೆ. ಸಂಜೆಯಾಗೋಷ್ಟರಲ್ಲಿ ಕೈ ತಡೀಲಿಲ್ಲ, ಬೂದಿ ಸರಿಸಿದಳು. ಮಡಕೆ ಕೆಂಪಗೆ ಚೆನ್ನಾಗೇ ಇತ್ತಂತೆ. ತಣ್ಣನೆ ಗಾಳಿ ಬಿದ್ದಿದ್ದೇ ಅವಳ ಕಣ್ಣೆದುರೇ ಚಟ್ ಅಂತ ಸೀಳಿ ಹೋಯ್ತು.

ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಮೂರನೇದನ್ನ ಸುಡೋಕಿಟ್ಟು ಹೊಂಬಾಳೆ ಅತ್ತೆ ಹತ್ರಾನೇ ಹೋದಳಂತೆ. ಅತ್ತೆಮ್ಮ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಬೂದಿ ಆರೋವರೆಗೂ ನೀವು ಕಾವಲು ಕೂತ್ಕೊಳ್ಳಿ ಅಂದಳಂತೆ. ಕಳ್ಳೀನೇ ಬಂದು ಕಾವಲು ಕೇಳ್ತಾಳಲ್ಲ ಅಂತ ಗೊಣಗಿಕೊಂಡು ಅತ್ತೆ ಎಲೆಅಡಿಕೆ ಚೀಲ ತಗೊಂಡು ಕೂತಳು. ಒಂದು ದಿನ ಆಯ್ತು. ಎರಡನೇ ದಿನ ಅತ್ತೆನೇ ಕೋಲೆತ್ಕೊಂಡು, ಒಂದು ಚೂರು ಸರಿಸಿದ್ರೆ ಏನಾಗತ್ತೆ ಕಣೆ, ಬದುಕಿದೆಯೋ ಸತ್ತಿದೆಯೋ ನೋಡೋಕೆ ಅಷ್ಟೇ ಅಂದಳಂತೆ. ಹೊಂಬಾಳೆ ಅವಳ ಕೈ ಗಟ್ಟಿಯಾಗಿ ಹಿಡ್ಕೊಂಡಳು. ಸ್ವಲ್ಪ ಹೊತ್ತಿಗೆ ಸೊಸೆ ಕೈ ಎದ್ದಿತು, ಅತ್ತೆ ಹಿಡ್ಕೊಂಡಳು. ಹಂಗೇ ಇಬ್ಬರೂ ಮೂರನೇ ದಿನದವರೆಗೂ ಕೈಕೈ ಹಿಡ್ಕೊಂಡು ಕೂತಿದ್ರಂತೆ. ಅನ್ನ ಬೇಯಿಸೋಕೆ ಮಡಕೆ ಇಲ್ಲವಲ್ಲ, ಗಂಡ ಗೆಣಸು ಸುಟ್ಟು ತಂದುಕೊಟ್ಟನಂತೆ.

ಬೂದಿ ತಣ್ಣಗಾದ ಮೇಲೆ ತೆಗೆದ್ರು. ಅತ್ತೆ ಬೆರಳಲ್ಲಿ ತಟ್ಟಿದಳು, ಠಣ್ ಅಂತು. ಇನ್ನೊಂದು ಸಲ ತಟ್ಟಿದಳು. ಸಾಕು ಬಿಡಿ ಅತ್ತೆಮ್ಮ, ಒನಕೆ ಇಲ್ಲೇ ಹತ್ರ ಇದೆ ಅಂದಳಂತೆ ಸೊಸೆ. ತೌರಿನ ಮಾತು ಆ ಮನೇಲಿ ಮತ್ತೆ ಯಾರೂ ಎತ್ತಲಿಲ್ಲ. ಪಕ್ಕದ ಮನೆಯೋರು ಮಡಕೆ ಕೇಳಿದ್ರು, ಆಮೇಲೆ ಪಕ್ಕದೂರೋರು ರಾಗಿ ಹೊತ್ತು ತಂದು ಕೇಳಿದ್ರು, ಗೋಡೆ ಮೆತ್ತೋ ಮನೆ ಮಡಕೆ ಮನೆಯಾಯ್ತಂತೆ. ಇವತ್ತಿಗೂ ಅಲ್ಲಿ ಅತ್ತೆ ಸೊಸೆ ಇಬ್ಬರೂ ಕೈ ಹಿಡ್ಕೊಂಡು ನಿಲ್ಲದೆ ಆವಿಗೆ ತೆಗೆಯಲ್ಲವಂತೆ.

ಹಾಂ, ಆವಿಗೆ. ಬಂತು ನೋಡು. ಕತೆ ಮುಗೀತು, ಆದ್ರೆ ಈಗಲೇ ಮಲಗಬೇಡ. ಈ ಊರಲ್ಲಿ ಆ ಮಾತು ಆಡೋರು ಯಾರೂ ಇಲ್ಲ, ಬೆಳಗಾದ್ರೆ ನಾನೂ ಮರೀತೀನಿ. ನಿನ್ನ ಪುಸ್ತಕ ತಗೊಂಡು ಬರ್ಕೊ ಕೂಸೇ, ಆವಿಗೆ ಅಂತ.